ಕೆಂಪು ಶಾಯಿಯ ‘ಯಾರು?’

ದೋಣಿಯ ದಿನಚರಿಯ ಕೊನೆಯ ಹಾಳೆಯನ್ನು
ಪ್ಲಾಸ್ಟಿಕ್ ಚೀಲದಲ್ಲಿಟ್ಟು ನನ್ನೆದುರು ಸರಿಸಿದರು.
ಉಪ್ಪು ತಿಂದ ಅಕ್ಷರ, ಆದರೂ ಓದಬಹುದು:
ಗಿಬ್ಬಿ ಲೌರಿಯ ಜೊತೆ ಹಿಂಬದಿಗೆ ಹೋದ.
ಹಗ್ಗ ಅವನ ಕಾಲು ಹಿಡಿಯಿತು.
ಹಿ ವೆಂಟ್ ಇನ್ ಆಫ್ಟರ್ ಹಿಮ್.

ಅವನ ಹಿಂದೆಯೇ ಅವನು, ನೀರಿಗೆ.

ಬರೆದ ಕಪ್ತಾನನಿಗೆ ಬಂದರು ಮುಟ್ಟುವಷ್ಟರಲ್ಲಿ ಲಕ್ವ.
ಗಿಬ್ಬಿಯೇ ಎಂದರೂ ಎಡಗಣ್ಣು ಮಿಟುಕಿಸುತ್ತಾನೆ,
ಲೌರಿಯೇ ಎಂದರೂ,
ಚಹಾ ಬೇಕೇ ಎಂದರೂ.

ಅದಕ್ಕೇ ನನ್ನನ್ನು ಕರೆಸಿದ್ದು.
ಈ ಶೆಟ್‌ಲೆಂಡಿನ ಶಾಲೆಯಲ್ಲಿ ಮೂವತ್ತೊಂದು ವರ್ಷ
ಮಕ್ಕಳ ‘ಅವನು’ಗಳ ನೆತ್ತಿಯ ಮೇಲೆ
ಕೆಂಪು ಶಾಯಿಯಲ್ಲಿ ‘ಯಾರು?’ ಎಂದು ಬರೆದವಳು.
ಗಿಬ್ಬಿಯ ಪುಸ್ತಕದಲ್ಲಿ ಬರೆದಿದ್ದೇನೆ. ಲೌರಿಯದರಲ್ಲಿ ಇನ್ನೂ ಹೆಚ್ಚು.
ಕಪ್ತಾನನದರಲ್ಲೂ ಬರೆದಿರಬೇಕು;
ಕಲಿಯಲಿಲ್ಲ.

ಸರ್ವನಾಮ ಹತ್ತಿರದ ಹೆಸರಿಗೆ ಜೋತುಬೀಳುತ್ತದೆ, ಎಂದೆ.
ಹಾಗಾದರೆ ಕಾಲು ಲೌರಿಯದು.
ಓಸ್ಲಾ ಕೈಗವಸು ಹಿಂಡಿದಳು.
ಅಲ್ಲ, ವಾಕ್ಯದ ಯಜಮಾನನಿಗೇ ಮೊದಲ ಮಣೆ ಎನ್ನುವವರೂ ಇದ್ದಾರೆ, ಎಂದೆ.
ಹಾಗಾದರೆ ಗಿಬ್ಬಿಯದು.
ಲೀಬಿ ಕಿಟಕಿಯತ್ತ ತಿರುಗಿದಳು.

ಕೆಲವು ಭಾಷೆಗಳಲ್ಲಿ ಹತ್ತಿರದವನು ಇವ, ದೂರದವನು ಅವ,
ತನ್ನದಕ್ಕೆ ತನ್ನ ಎಂದೇ ಬೇರೆ ಮಾತಂತೆ.
ನಮ್ಮ ಇಂಗ್ಲಿಷಿಗೆ ಇರುವುದೊಂದೇ ಕೋಟು,
ಯಾರು ತೊಟ್ಟರೂ ಹಿಂದಿನಿಂದ ಒಂದೇ ಬೆನ್ನು.

ಏಪ್ರಿಲ್‌ನಲ್ಲಿ ಬಂಡೆಯ ಸಂದಿಗೆ ಬೂಟೊಂದು ಬಂದಿತ್ತು,
ಎಡಗಾಲಿನದು, ಎಂಟನೇ ನಂಬರು.
ಇಬ್ಬರದೂ ಎಂಟೇ.

ಯಾರೆಂದು ಬರೆದುಕೊಳ್ಳಲಿ? ಎಂದ ಷರೀಫ್.

‘ಬಿದ್ದವನು ನನ್ನವನೇ,’ ಎಂದಳು ಲೀಬಿ, ತಿರುಗದೆ.
‘ಹಗ್ಗ ಸುತ್ತಿಡು ಎಂದರೆ ಒಂದು ದಿನ ಕೇಳಿದವನಲ್ಲ.’

‘ಸುಳ್ಳು,’ ಓಸ್ಲಾ ಕುರ್ಚಿ ಸರಿಸಿ ಎದ್ದಳು.
‘ನನ್ನವ ಮೊಣಕಾಲುದ್ದ ನೀರಿಗೂ ಹೆದರುತ್ತಿದ್ದ.
ಹಾರುವ ಗಂಡಸೇ ಅಲ್ಲ. ಬಿದ್ದವನು ಅವನು.
ಹಾರಿದ್ದು ನಿನ್ನ ಗಿಬ್ಬಿ. ಬರೆದುಕೊಳ್ಳಿ.’

ಷರೀಫ್ ನನ್ನ ಮುಖ ನೋಡಿದ.
ನಾನು ಪೆನ್ನಿನ ಮುಚ್ಚಳ ಹಾಕಿದೆ.

ಹೊರಗೆ, ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು.
ಇಬ್ಬರೂ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದರು.
ಏನೋ ಅಂದಳು. ಕೇಳಿಸಲಿಲ್ಲ.
ಆಮೇಲೆ ಅವಳು
ಅವಳ ಕೋಟಿನ ಗುಂಡಿ ಹಾಕಿದಳು, ಕೊರಳಿನವರೆಗೂ.