ಪಿನ್ನು

ಮಸ್ಜಿದ್ ಬಂದರಿನ ಮಸಾಲೆ ಮಳಿಗೆಯಲ್ಲಿ
ಲೆಕ್ಕ ಬರೆಯುವ ಕೆಲಸ ಸಿಕ್ಕ ದಿನ
ಅವ್ವ ತನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ
ನನ್ನ ಅಂಗೈಗೆ ಇಟ್ಟಳು.
ಮಾತಾಡಬ್ಯಾಡ, ಅಂದಳು. ಚುಚ್ಚು.

ಅಷ್ಟೇ ನನಗೆ ಸಿಕ್ಕ ಉಪದೇಶ.
ಡೊಂಬಿವಲಿಯಿಂದ ಇಪ್ಪತ್ತಾರು ವರ್ಷ
ಬಾಯಿ ತೆರೆದ ಪಿನ್ನನ್ನು ಬೆರಳ ಸಂದಿಗಿಟ್ಟು
ಮುಷ್ಟಿ ಕಟ್ಟಿಕೊಂಡೇ ಹೋಗಿದ್ದೇನೆ, ಬಂದಿದ್ದೇನೆ.
ಪ್ಲಾಟ್‌ಫಾರ್ಮಿನ ಗರ್ದಿಯಲ್ಲಿ ಯಾರದೋ ಕೈ, ಚುಚ್ಚಿದೆ.
ಮೆಟ್ಟಿಲ ಮೇಲೆ ಯಾರದೋ ಮೊಣಕೈ, ಚುಚ್ಚಿದೆ.
ಸುಳ್ಳು ಯಾಕೆ, ಅದು ನನ್ನನ್ನು ಕಾಪಾಡಿತು.

ಆಮೇಲೆ ಪಿನ್ನಿಲ್ಲದೆಯೂ ಚುಚ್ಚುವುದು ಬಂತು.
ಗಂಡ ದೀಪ ಆರಿಸಿ ಏನೋ ಹೇಳಹೊರಟರೆ
ಗ್ಯಾಸಿನ ಬಿಲ್ಲಿನ ಮಾತು ತೆಗೆದೆ.
ಮಗಳು ಅತ್ತರೆ, ಮೊದಲು ಮೂಗು ಒರೆಸಿಕೋ ಅಂದೆ.
ಮೆಲ್ಲಗೆ ಅವರು ಮುಟ್ಟುವುದನ್ನು ಬಿಟ್ಟರು.
ಒಂದೇ ಕೋಣೆಯ ಮನೆ,
ನನ್ನ ಸುತ್ತ ಮಾತ್ರ ಜಾಗವೋ ಜಾಗ.

ಧಾರಾವಿಯ ಕುಂಭಾರವಾಡಕ್ಕೆ ಹೋದದ್ದು
ತುಳಸಿಗೊಂದು ಕುಂಡ ತರಲಿಕ್ಕೆ.
ವಾಲಜೀಭಾಯಿಯ ತಿಗರಿ ತಿರುಗುತ್ತಿತ್ತು, ನೋಡುತ್ತ ನಿಂತೆ.
ಮರು ಭಾನುವಾರವೂ ನಿಂತೆ.
ಮೂರನೆಯ ಭಾನುವಾರ ಆತ ಒಂದು ಹೆಂಟೆ ಮಣ್ಣು ನನ್ನತ್ತ ಎಸೆದ,
"ಲೋ ಬೆಹೆನ್, ನಿಂತು ನಿಂತು ಕಾಲು ನೋಯಿಸ್ಕೋಬೇಡಿ."

ಏನು ಮಾಡಬೇಕೋ ಕೈಗೆ ತಿಳಿಯಲಿಲ್ಲ.
ತಿಳಿದದ್ದನ್ನೇ ಮಾಡಿತು, ಮುಚ್ಚಿತು.
ಬಿಡಿಸಿದರೆ ಅಲ್ಲಿ ಕೂತಿತ್ತು
ನನ್ನ ಮುಷ್ಟಿಯ ಒಳಗು:
ನಾಲ್ಕು ತಗ್ಗು, ನಡುವೆ ಏಣು, ಉಂಗುರ ಒತ್ತಿದ ಗೆರೆ,
ಚರ್ಮ ಸುಲಿದ ಯಾವುದೋ ಪ್ರಾಣಿಯ ಹಾಗೆ.
ಕಲಸಿಬಿಡಲು ಹೋದೆ, ಆತ ತಡೆದ.
ತಿರುಗಿಸಿ ನೋಡಿದ, ತೂಗಿ ನೋಡಿದ.
"ಗಟ್ಟಿ ಇದೆ. ಹೀಗೇ ಭಟ್ಟಿಗಿಟ್ಟರೆ ಸಿಡೀತದೆ,
ಪಕ್ಕದ ಹತ್ತು ಮಡಕೆ ಒಡೀತದೆ.
ಹೊಟ್ಟೆಯ ತನಕ ತೂತು ಬೇಕು. ಸೂಜಿ ಗೀಜಿ ಇದೆಯಾ?"

ಪರ್ಸಿನಲ್ಲಿತ್ತು.

ಮೊದಲ ತೂತಿಗೆ ಕೈ ನಡುಗಿತು.
ಎರಡನೆಯದಕ್ಕೆ ನೆನಪಾದ ಆ ಹುಡುಗ,
ಟಿಕಲಿ, ಬಾಚಣಿಗೆ ಮಾರುವವನು, ಏಳೋ ಎಂಟೋ ವರ್ಷ.
ಗಾಡಿ ಜೋಲಿ ಹೊಡೆದಾಗ ನನ್ನ ಸೊಂಟ ಹಿಡಿದಿದ್ದ
ಬೀಳಬಾರದೆಂದು.
ತಿರುಗಿ ನೋಡದೆ ಚುಚ್ಚಿದ್ದೆ, ಆಳಕ್ಕೆ.
ಅಳಲಿಲ್ಲ ಅವನು. ಬೆರಳು ಚೀಪುತ್ತ ವಿಕ್ರೋಲಿಯಲ್ಲಿ ಇಳಿದುಹೋದ,
ಬಾಚಣಿಗೆಗಳ ರಟ್ಟು ನನ್ನ ಕಾಲ ಬಳಿಯೇ ಬಿಟ್ಟು.
ಅದು ಇಂದಿಗೂ ನಮ್ಮ ಅಟ್ಟದಲ್ಲಿದೆ.
ಒಂದನ್ನೂ ತಲೆಗೆ ಮುಟ್ಟಿಸಿಲ್ಲ.

ಯಾರಿಗೂ ಹೇಳದೆ ಇದ್ದದ್ದು ಇದು.
ಮಣ್ಣಿಗೆ ಹೇಳಿದೆ. ಹನ್ನೊಂದು ತೂತು.

ಸುಟ್ಟು ಬಂದಾಗ ಕೆಂಪಗಿತ್ತು,
ಒಂದು ಮಗ್ಗುಲು ಹೊಗೆ ಹಿಡಿದು ಕಪ್ಪು. ಸಿಡಿದಿರಲಿಲ್ಲ.
ಹಣತೆಗಳ ಸಾಲಿನ ತುದಿಗೆ ಆತನೇ ಇಟ್ಟ.
ಗಿರಾಕಿಯೊಬ್ಬ ಶುಂಠಿಯೇ ಎಂದ,
ಇನ್ನೊಬ್ಬಳು ಶಂಖ ಎಂದಳು,
ಬೆಲೆ ಕೇಳಿ, ಬೇಡವೆಂದು ಹೋದಳು.

ಮಗಳನ್ನು ಕರೆದೊಯ್ದೆ, ಏನೂ ಹೇಳದೆ.
ಅವಳು ತನ್ನ ಬೆರಳುಗಳನ್ನು ಒಂದೊಂದಾಗಿ
ಆ ತಗ್ಗುಗಳಲ್ಲಿ ಇಟ್ಟು ನೋಡಿದಳು.
ಕಿರುಬೆರಳು ಕೂರಲಿಲ್ಲ.
"ಇಷ್ಟು ಬಿಗಿಯಾಗಿ ಏನು ಹಿಡಿದಿದ್ದೆ ಮಮ್ಮಿ?"

ಸಾಯನ್‌ನಲ್ಲಿ ಗಾಡಿ ಹತ್ತಿ ಶುರುಮಾಡಿದೆ,
ಅವ್ವನ ಬಳೆಯಿಂದ.
ಕುರ್ಲಾ ಬರುವಷ್ಟರಲ್ಲಿ ಗಂಟಲು ಕಟ್ಟಿತು.
ಘಾಟ್ಕೋಪರಿನಲ್ಲಿ ಹುಡುಗನ ತನಕ ಬಂದಿದ್ದೆ,
ಹೆಂಗಸರು ನುಗ್ಗಿದರು, ಬೆನ್ನಿಗೆ ಒಂದು ಕೈ ತಾಗಿತು,
ನನ್ನ ಮುಷ್ಟಿ ತಾನಾಗಿ ಮುಚ್ಚಿತು.
ಪಿನ್ನು ಒಳಗೇ ಇತ್ತು,
ತುದಿಯಲ್ಲಿ ಒಣಗಿದ ಮಣ್ಣು.

ತಿರುಗಿ ನೋಡಿದೆ, ಯಾರ ಕೈ ಎಂದು.