ನಡುಮನೆ

ಮೊದಲು ಬಗ್ಗಿದ್ದು ಬಚ್ಚಲಿನ ಟೈಲ್ಸು.
ಮೇಸ್ತ್ರಿಯನ್ನು ಬೈದೆ.
ಆಮೇಲೆ ಕಬ್ಬನ್‌ಪೇಟೆ ಗಲ್ಲಿಯ ಲೈಟುಕಂಬ
ಸೊಂಟ ಉಳುಕಿದವರ ಹಾಗೆ ನಿಂತಿತು.
ಬೆಸ್ಕಾಂನವರನ್ನು ಬೈದೆ.
ಕೊನೆಗೆ ಬಗ್ಗಿದ್ದು ನನ್ನದೇ ಗ್ರಾಫು ಕಾಗದದ ಗೆರೆ.
ಬೈಯಲು ಯಾರೂ ಉಳಿದಿರಲಿಲ್ಲ.

ನಲವತ್ತಾರು ವರ್ಷ ಆ ಮನೆಗಳಲ್ಲೇ ಬಾಳಿದವನು ನಾನು.
ಒಂದು ಮನೆಗೆ ಒಂದು ಎಳೆ,
ತುಂಬಿದರೆ ಜರಿ ಏಳುತ್ತದೆ, ಬಿಟ್ಟರೆ ಮುಳುಗುತ್ತದೆ.
ಹಂಸದ ಕೊಕ್ಕಿಗೆ ಏಳು ಮನೆ, ಕಣ್ಣಿಗೆ ಒಂದೇ.
ನಾನು ಬರೆದದ್ದು ನೋಡಿ ಖಲೀಲ್ ಕಾರ್ಡಿಗೆ ತೂತು ಹೊಡೆಯುತ್ತಿದ್ದ,
ತೂತು ನೋಡಿ ಮಗ್ಗ ಹೇಳಿದ ಹಾಗೆ ಕೇಳುತ್ತಿತ್ತು.

ಬಲಗಣ್ಣಿಗೆ ಪೊರೆ, ಬಲಿಯಲಿ ಆಮೇಲೆ ತೆಗೆಸೋಣ ಎಂದು
ಎರಡು ವರ್ಷ ಕೂತೆ.
ಬಲಿತದ್ದು ಪೊರೆಯಲ್ಲ.

ಜಯನಗರದ ಆಸ್ಪತ್ರೆ. ಹನಿ, ಮತ್ತೆ ಹನಿ,
ಹತ್ತು ನಿಮಿಷ ಮುಚ್ಕೊಂಡಿರಿ ಅಜ್ಜ.
ಡಾಕ್ಟರ್ ದೇಚಮ್ಮ ಒಂದು ಕಾರ್ಡು ಹಿಡಿದರು:
ಚೌಕಳಿ, ನಡುವೆ ಚುಕ್ಕೆ.
ನಗು ಬಂತು. ನನ್ನ ಕಸುಬನ್ನೇ ನನಗೆ ಪರೀಕ್ಷೆಗಿಟ್ಟಿದ್ದಾರೆ!
"ಒಂದು ಕಣ್ಣು ಮುಚ್ಚಿ, ಚುಕ್ಕೆ ನೋಡಿ. ಗೆರೆ ನೇರ ಇದೆಯಾ?"
ಎಡಗಣ್ಣಿಗೆ ಚುಕ್ಕೆಯಿದೆ, ಸುತ್ತಲಿನ ಮನೆಗಳೆಲ್ಲ
ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟ.
ಬಲಗಣ್ಣಿಗೆ ಗೋಡೆಯಿದೆ, ಬಾಗಿಲಿದೆ,
ನಡುಮನೆ ಇರುವಲ್ಲಿ
ಎಣ್ಣೆಗೈ ಒತ್ತಿದ ಮಬ್ಬು.

ಪರದೆ ತುಂಬ ಕಣ್ಣ ಹಿಂಬದಿಯ ಅಡ್ಡಕೊಯ್ತ,
ಪದರದ ಮೇಲೆ ಪದರ, ಮಡಿಸಿಟ್ಟ ರೇಷ್ಮೆ.
ಕೆಳಗೊಂದು ಉಬ್ಬು, ನೀರು ನಿಂತ ಜಾಗ.
"ಬೇಡದ ರಕ್ತನಾಳ ಬೆಳೆದು ಸೋರ್ತಾ ಇದೆ.
ಬಲಗಡೆ ಕಲೆಗಟ್ಟಿ ಮುಗಿದಿದೆ. ಎಡಗಡೆ ಹಿಡಿದು ನಿಲ್ಲಿಸಬಹುದು.
ಕಣ್ಣೊಳಗೆ ಇಂಜೆಕ್ಷನ್. ತಿಂಗಳಿಗೊಂದು. ಸದ್ಯಕ್ಕೆ ಮೂರು."
ಆಮೇಲೆ?
"ಆಮೇಲೆ ನೋಡೋಣ" ಅಂದು
ಅವರೇ ಒಂದು ಗಳಿಗೆ ಸುಮ್ಮನಾದರು.
ಕಾರಣ? ವಯಸ್ಸು. ಬೀಡಿ ಸೇದ್ತೀರಾ?
ಖಲೀಲ್ ಕೆಮ್ಮಿದ.

ಸೂಜಿಯ ದಿನ ಬೆಂಚಿನ ಮೇಲೆ ಎಂಟು ಜನ.
ಒಂದೇ ಶೀಶೆಯ ಮದ್ದು, ಹಂಚಿಕೊಂಡರೆ ಅಗ್ಗ.
ತಲೆಗೆ ಹಸಿರು ಟೋಪಿ, ಹಣೆಗೆ ಪ್ಲಾಸ್ಟರು, ಅದರ ಮೇಲೆ "ಎಡ".
ಮಾಗಡಿ ರಸ್ತೆಯ ಹೆಂಗಸು ಪಿಸುಗುಟ್ಟಿದಳು:
"ನಂದು ಹನ್ನೊಂದನೇದು ಕಣಣ್ಣ. ಸೂಜಿಗಿಂತ ಆ ಕ್ಲಿಪ್ಪೇ ಹಿಂಸೆ."
ನಿಜ. ರೆಪ್ಪೆ ಅಗಲಿಸಿದ ಕ್ಲಿಪ್ಪು, ಕಂದು ದ್ರವ,
"ಮೇಲೆ ನೋಡಿ, ಬಾಗಿಲ ಕಡೆ."
ಒಂದು ಒತ್ತು. ಅಷ್ಟೇ.
ಬೆಳಕಿನೊಳಗೆ ಕಪ್ಪು ಹನಿಗಳು ಉರುಳಿದವು,
ಸಾರಿನ ಮೇಲಿನ ಎಣ್ಣೆಯ ಹಾಗೆ.

ಎಡಗಣ್ಣಿಗೆ ಪಟ್ಟಿ, ಮೆಟ್ರೋದಲ್ಲಿ ವಾಪಸು.
ನ್ಯಾಷನಲ್ ಕಾಲೇಜಿನ ತನಕ ಬಿಸಿಲು ಕಣ್ಣಿಗೆ ಉಪ್ಪು.
ಮಾರ್ಕೆಟ್ಟಿಗೆ ಮುಂಚೆ ರೈಲು ನೆಲದೊಳಗೆ ಇಳಿಯಿತು.
ಕತ್ತಲೆಗೆ ಇಷ್ಟು ಋಣಿ ನಾನೆಂದೂ ಆಗಿರಲಿಲ್ಲ.

ಎದುರಿಗೆ ಖಲೀಲ್: ಎರಡು ಕಿವಿ, ಒಂದು ಟೋಪಿ,
ಮುಖವಿರಬೇಕಾದಲ್ಲಿ ಹೊಗೆ.
ಡಾಕ್ಟರು ಕಲಿಸಿದ ಹಾಗೆ ಅವನ ಭುಜದಾಚೆ ನೋಡಿದೆ.
ಅಂಚಿನಿಂದ ಮೆಲ್ಲಗೆ ಮೂಗು ಬಂತು, ಬಾಯಿ ಬಂತು.
"ಯಾವಾಗ ಬೋಳಿಸಿದೆಯೋ ಮೀಸೆ?"
"ಎಂಬತ್ತೆಂಟರಲ್ಲಿ" ಅಂದ.

ಬಾರ್ಡರಿನವನು ನಾನು, ಜನ್ಮವೆಲ್ಲ ಅಂಚಿಗೇ ಬರೆದವನು.
ಒಡಲಿಗೆ ಗ್ರಾಫು ಕೇಳಿದವರಿಲ್ಲ,
ಅದು ಬರೀ ಬಯಲು.

ಈಗ ಫ್ರಿಜ್ಜಿನ ಬಾಗಿಲಿಗೆ ಆ ಚೌಕಳಿ.
ಬೆಳಗ್ಗೆ ಕಾಫಿಗೆ ಮುಂಚೆ ಬಲಗಣ್ಣು ಮುಚ್ಚಿ
ಸೊಟ್ಟಾದ ಮನೆಗಳನ್ನು ಪೆನ್ಸಿಲಲ್ಲಿ ತುಂಬುತ್ತೇನೆ.
ಹೋದ ತಿಂಗಳು ಹದಿನಾಲ್ಕು. ಈ ತಿಂಗಳು ಒಂಬತ್ತು.
ಖಲೀಲ್ ಕಾಗದ ಹಿಡಿದು ಬಹಳ ಹೊತ್ತು ನೋಡಿದ.
"ಇದನ್ನ ಕಾರ್ಡು ಹೊಡೆದರೆ ಏನು ಹೂವು ಬರುತ್ತೆ ಗೊತ್ತಾ?"
ಗೊತ್ತಿಲ್ಲ. ಹೊಡೀಬೇಡ ಅಂದೆ.
ಮುಂದಿನ ಸೂಜಿ ಹತ್ತೊಂಬತ್ತಕ್ಕೆ, ಗುರುವಾರ.
ಅಷ್ಟೊತ್ತಿಗೆ ಹೂವು ಇನ್ನೂ ಸಣ್ಣದಾಗಬೇಕು.