ಉಗುರಿಗೆ ಸಿಕ್ಕರೆ

ಒಣಬಟ್ಟೆ ಮುಟ್ಟಿಸಬೇಡ, ಅಂದ ಮರ್ವ್.
ಮೊದಲ ದಿನದ ಮೊದಲ ಮಾತು ಅದು.
ಒಣಬಟ್ಟೆಯಲ್ಲಿ ಉಜ್ಜಿದಷ್ಟೂ ರೆಸಿನ್ನಿನ ಮೈ ಜುಮ್ಮೆಂದು
ಷೆಡ್ಡಿನ ಮೂಲೆಮೂಲೆಯ ಧೂಳನ್ನೆಲ್ಲ
ಹೆಸರು ಹಿಡಿದು ಕರೆಯುತ್ತದಂತೆ.

ನಕ್ಕೆ. ಸಂಡೂರಿನವಳಿಗೆ ಧೂಳಿನ ಪಾಠ!
ಅದಿರಿನ ಲಾರಿ ಹಗಲೂ ರಾತ್ರಿ ಹಾಯುವ ರಸ್ತೆ ನಮ್ಮದು.
ಬೆಳಿಗ್ಗೆ ಒಣಹಾಕಿದ ಬಿಳಿ ಲಂಗ
ಸಂಜೆಗೆ ಕಾವಿ.
ತಂತಿಯ ಮೇಲೆ ಇಡೀ ಓಣಿ
ಸನ್ಯಾಸ ತಗೊಂಡಂತೆ ಕಾಣುತ್ತಿತ್ತು.
ರೊಟ್ಟಿ ಕಡಿದರೂ ಹಲ್ಲಿಗೆ ಕರಕರ.

ಮಿಲ್ಡ್ಯುರಾದ ಮಣ್ಣೂ ಕೆಂಪೇ.
ಮ್ಯಾಲೀ ಬಯಲಿನಿಂದ ಗಾಳಿ ಎದ್ದರೆ
ಮಟಮಟ ಮಧ್ಯಾಹ್ನ ಬೀದಿದೀಪ ಹತ್ತುತ್ತವೆ,
ದ್ರಾಕ್ಷಿತೋಟದ ಸಾಲು ಒಂದೊಂದೇ ಅಳಿಸಿಹೋಗುತ್ತದೆ.

ಅಂಥ ಗಾಳಿ ಎದ್ದ ರಾತ್ರಿಯೇ
ಬೌಲ್ಸ್ ಕ್ಲಬ್ಬಿನ ಕೌಂಟರು ಗಟ್ಟಿಯಾಗುತ್ತಿತ್ತು.
ಹೊಳೆದಂಡೆಯ ರೆಡ್ ಗಮ್ ಮರದ ಹಲಗೆ, ಎಂಟಡಿ.
ಅದರ ಮೇಲೆ ಎರಡು ಬೆರಳು ದಪ್ಪದ ರೆಸಿನ್ನು,
ರೆಸಿನ್ನಿನೊಳಗೆ ತೀರಿಹೋದ ಸದಸ್ಯರ ಬಿಲ್ಲೆಗಳು.
ನೊಯೆಲೀನ್ ಪಾಸ್ಕೋ ಎಂಬಾಕೆ
ಬಿಸ್ಕತ್ತಿನ ಡಬ್ಬಿಯಲ್ಲಿ ತಂದುಕೊಟ್ಟದ್ದು.
ಪ್ಲಾಸ್ಟಿಕ್ ಡೇರೆ ಕಟ್ಟಿದ್ದೆವು, ಅಂಚಿಗೆ ಇಟ್ಟಿಗೆ ಇಟ್ಟಿದ್ದೆವು.
ಧೂಳಿಗೆ ಬಾಗಿಲು ಬೇಕೆ?

ಬೆಳಿಗ್ಗೆ ಮರ್ವ್ ಪ್ಲಾಸ್ಟಿಕ್ ಸರಿಸಿ ನೋಡಿದ.
ಏನೂ ಅನ್ನಲಿಲ್ಲ. ಚಹಾಕ್ಕೆ ನೀರಿಟ್ಟ.

ನೆತ್ತಿಯ ಮೇಲಿನ ದೀಪ ಸುಳ್ಳು ಹೇಳುತ್ತದೆ.
ಬ್ಯಾಟರಿಯನ್ನು ಮೇಜಿಗೆ ಅಡ್ಡ ಮಲಗಿಸಬೇಕು,
ಆಗ ಒಂದೊಂದು ಕಣಕ್ಕೂ ಅದರದೇ ಉದ್ದನೆಯ ನೆರಳು.
ಗಾಳಿಪಂಪು ಬಿಟ್ಟರೆ ಧೂಳು ಹೋಗುವುದಿಲ್ಲ,
ಮನೆ ಬದಲಿಸುತ್ತದೆ ಅಷ್ಟೆ.
ಮೊದಲು ಉಗುರುಬೆಚ್ಚನೆ ನೀರು, ಒಂದು ತೊಟ್ಟು ಸೋಪು.
ಗಟ್ಟಿಯಾಗುವಾಗ ರೆಸಿನ್ನೂ ಬೆವರುತ್ತದೆ,
ಆ ಜಿಡ್ಡು ತೊಳೆಯದೆ ಮರಳುಕಾಗದ ತಿಕ್ಕಿದಿರೋ
ಧೂಳನ್ನು ನೀವೇ ಅರೆದು ಒಳಗೆ ತುಂಬಿದಂತೆ.
ಆಮೇಲೆ ಸ್ಪಿರಿಟ್ಟು. ಒಂದೇ ದಿಕ್ಕಿಗೆ.
ಬಟ್ಟೆಯನ್ನು ಮೂರು ಸಲ ಮಡಿಸಿದರೆ ಎಂಟು ಮಗ್ಗುಲು,
ಒರೆಸಿದ ಮಗ್ಗುಲಲ್ಲಿ ಮತ್ತೆ ಒರೆಸಬಾರದು.

ಹದಿನೇಳು ಚುಕ್ಕೆ ಉಳಿದವು.
ಮರ್ವ್ ಹೆಬ್ಬೆರಳಿನ ಉಗುರು ಎಳೆದು ತೋರಿಸಿದ:
ಉಗುರಿಗೆ ಸಿಕ್ಕರೆ ಧೂಳು,
ಸಿಗದಿದ್ದರೆ ಮೇಜು.

ಹದಿಮೂರು ಸಿಕ್ಕವು.
ನೀರುಕಾಗದ ನಾನೂರು, ಎಂಟುನೂರು, ಎರಡು ಸಾವಿರ.
ತಿಕ್ಕಿದ ಜಾಗ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗುತ್ತದೆ.
ಮೊದಲ ಸಲ ನನ್ನ ಎದೆ ಧಸಕ್ಕೆಂದಿತ್ತು,
ಕೆಡಿಸಿಬಿಟ್ಟೆನಲ್ಲ ಎಂದು.
ಒಂದು ಹನಿ ನೀರು ಬಿದ್ದರೆ ಆ ಬಿಳುಪಿನೊಳಗೆ
ಪೈಸೆಯಷ್ಟಗಲ ಕಿಟಕಿ ತೆರೆದು
ತಳದಲ್ಲೊಂದು ಬಿಲ್ಲೆ ಕಣ್ಣು ಬಿಡುತ್ತದೆ:
ಕಾರ್ಯದರ್ಶಿ, ಎಪ್ಪತ್ತನಾಲ್ಕು.

ಸಂಜೆಯವರೆಗೂ ಪಾಲಿಶ್ ಹಿಡಿದೆವು.
ಸಿಗದ ನಾಲ್ಕು, ಕೆಂಪಗೆ, ಒಳಗೇ ಉಳಿದವು.

ಮರುದಿನ ಆಕೆ ಬಂದಳು, ಉಣ್ಣೆಯ ಸ್ವೆಟರು ತೊಟ್ಟು.
ಕೌಂಟರಿನ ಉದ್ದಕ್ಕೂ ಒಂದು ಸುತ್ತು ನಡೆದಳು.
ನಾಲ್ಕು ಚುಕ್ಕೆ ಕಂಡವೋ ಇಲ್ಲವೋ, ಕೇಳಲಿಲ್ಲ.
ತೋಳನ್ನು ಮುಂಗೈಗೆ ಎಳೆದುಕೊಂಡು
ಒಂದು ಬಿಲ್ಲೆಯ ಮೇಲೆ ಗಸಗಸ ಉಜ್ಜಿದಳು.
ಮರ್ವ್ ಸೂರು ನೋಡಿದ.

ಇವನು ರೆಜ್, ಅಂದಳು. ಮೋಸಗಾರ.
ಯಾರೂ ನೋಡದಾಗ ಚೆಂಡನ್ನು ಕಾಲ್ಬೆರಳಲ್ಲಿ ನೂಕುತ್ತಿದ್ದ.
ಮುಂದಕ್ಕೆ ಸರಿದಳು, ಉಜ್ಜಿದಳು.
ಇವಳು ಥೆಲ್ಮಾ. ಸಾಲ ಕೊಟ್ಟ ಛತ್ರಿ ವಾಪಸು ಕೊಡಲಿಲ್ಲ.
ಇದು ನಮ್ಮೆಜಮಾನರು. ಪಿನ್ನು ನೋಡು, ಸೊಟ್ಟ,
ಹಾಕಿಕೊಳ್ಳಲು ಕೊನೆಗೂ ಬರಲಿಲ್ಲ ಅವರಿಗೆ.

ಸ್ವೆಟರಿನ ತೋಳು ಹಾದಲ್ಲೆಲ್ಲ
ಎಲ್ಲೆಲ್ಲಿಂದಲೋ ಎದ್ದು ಬಂದು
ಮೆಲ್ಲಗೆ ಕೂರುತ್ತಿತ್ತು ಧೂಳು.

ನಾನು ಬಟ್ಟೆ ಒದ್ದೆ ಮಾಡಿ ಹಿಂಡಿದೆ.
ಮೂರು ಸಲ ಮಡಿಸಿ, ಕೈಯಲ್ಲಿ ಹಿಡಿದು ನಿಂತೆ.
ಆಕೆ ಇನ್ನೂ
ಅರ್ಧ ಕೌಂಟರು ದಾಟಿರಲಿಲ್ಲ.